ಕಡೆಯ ಮನೆಗೂ ಮುಟ್ಟಬೇಕಾದ ಕರೆ

ಮಲೆನಾಡಿನ ಕೋಣಂದೂರಿನ ಸುತ್ತಣ ಸೀಮೆಯಲ್ಲಿ ಊರೆಂದರೆ ಸಾಲಾಗಿ ನಿಂತ ಮನೆಗಳ ಸಮೂಹವಲ್ಲ. ಅಡಕೆ ತೋಟದ ತಲೆಯಲ್ಲೊಂದು, ಗದ್ದೆಯ ಅಂಚಿನಲ್ಲೊಂದು, ಹಳ್ಳವನ್ನೋ ಹಾಡ್ಯವನ್ನೋ ದಾಟಿದ ಮೇಲೆ ಮತ್ತೊಂದು, ಹೀಗೆ ಚದುರಿಹೋದ ಒಂಟಿಮನೆಗಳನ್ನು ಕೂಡಿಸಿ ಕಂದಾಯದ ಕಡತವು ಗ್ರಾಮವೆಂದು ಕರೆದಿದೆ. ಸಂಪರ್ಕಸಾಧನಗಳ ಪ್ರಗತಿಯನ್ನು ವೇಗದಿಂದ ಅಳೆಯುವುದು ಈಗಿನ ರೂಢಿ. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗಾದರೋ ಬೇರೊಂದು ಮಾನದಂಡವೇ ಸಹಜವಾಗಿ ತೋರುತ್ತದೆ: ಅದು ಕಟ್ಟಕಡೆಯ ಮನೆಗೆ ಮುಟ್ಟಿತೇ, ಮುಟ್ಟಿದುದು ಆಷಾಢದ ಮಳೆಯಲ್ಲಿಯೂ ನಿಂತಿತೇ ಎಂಬುದು.

ಆ ಮಾನದಂಡದಿಂದ ನೋಡಿದರೆ ಅಂಚೆಯಷ್ಟು ಧರ್ಮನಿಷ್ಠವಾದ ವ್ಯವಸ್ಥೆಯನ್ನು ನಾವು ಇನ್ನೂ ನಿರ್ಮಿಸಿಲ್ಲವೆಂದೇ ನನ್ನ ಭಾವನೆ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಅದಕ್ಕೂ ಮೊದಲೇ, 1854ರ ಕಾಯಿದೆಯು, ಕಾಗದವು ಎಷ್ಟು ದೂರ ಹೋದರೂ ತೂಕಕ್ಕೆ ತಕ್ಕ ಒಂದೇ ದರವೆಂಬ ನಿಯಮವನ್ನು ಭಾರತದ ಅಂಚೆಯಲ್ಲಿ ಸ್ಥಾಪಿಸಿತ್ತು. ಈ ನಿಯಮದ ಹಿರಿಮೆಯನ್ನು ನಾವು ಸಾಕಷ್ಟು ಮನಗಂಡಿಲ್ಲ. ನಗರದ ವ್ಯಾಪಾರಿಯೂ ಕಾಡಂಚಿನ ಗೇಣಿದಾರನೂ ಒಂದೇ ಬೆಲೆಯ ಕಾರ್ಡನ್ನು ಕೊಂಡರು. ಆ ಕಾರ್ಡನ್ನು ಹಿಡಿದು ಅಂಚೆಯವನು ಸಂಕವನ್ನು ದಾಟಿ ಬಂದು, ಜಗಲಿಯ ಮೇಲೆ ಕುಳಿತು, ಓದು ಬಾರದ ಅಜ್ಜಿಗೆ “ಉಭಯ ಕುಶಲೋಪರಿ ಸಾಂಪ್ರತ” ಎಂಬಲ್ಲಿಂದ ಮೊದಲುಮಾಡಿ ಕೊನೆಯ ಆಶೀರ್ವಾದ ಬೇಡುವ ಸಾಲಿನವರೆಗೆ ಓದಿ ಹೇಳಿ, ಉತ್ತರವನ್ನೂ ತಾನೇ ಬರೆದುಕೊಂಡು ಹೋದದ್ದುಂಟು. ಆ ಒಂದು ಮನೆಗಾಗಿ ಅಷ್ಟು ದೂರ ನಡೆಯುವುದು ಲಾಭವೋ ನಷ್ಟವೋ ಎಂದು ಯಾರೂ ಲೆಕ್ಕ ಹಾಕಲಿಲ್ಲ. ತಂತಿಯಾದರೋ ಬಹುಮಟ್ಟಿಗೆ ಸಾವಿನ ದೂತನೇ ಆಗಿತ್ತು. 2013ರ ಜುಲೈ 14ರಂದು ಅದು ನಿಂತಾಗ ದುಃಖಿಸಿದವರು ಇಲ್ಲಿ ಹೆಚ್ಚು ಮಂದಿ ಇರಲಾರರು.

ದೂರವಾಣಿಯು ಹಳ್ಳಿಗೆ ಬಂದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವೊಂದಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ತಜ್ಞರು, ಹವಾನಿಯಂತ್ರಣದ ಕೊಠಡಿಯನ್ನು ಬೇಡದ, ಸೆಕೆಯನ್ನೂ ಧೂಳನ್ನೂ ಸಹಿಸಬಲ್ಲ ಗ್ರಾಮೀಣ ವಿನಿಮಯ ಕೇಂದ್ರವೊಂದನ್ನು ರೂಪಿಸಿ, 1986ರಲ್ಲಿ ಮೊತ್ತಮೊದಲು ಪ್ರಯೋಗಕ್ಕೆ ನಿಲ್ಲಿಸಿದುದು ನಮ್ಮ ಕಿತ್ತೂರಿನಲ್ಲಿ. ವಿದೇಶದ ಯಂತ್ರವನ್ನು ತಂದು ಅದಕ್ಕೆ ತಕ್ಕಂತೆ ಹಳ್ಳಿಯನ್ನು ತಿದ್ದಹೊರಡದೆ, ಹಳ್ಳಿಯ ಸ್ಥಿತಿಗೆ ತಕ್ಕಂತೆ ಯಂತ್ರವನ್ನೇ ರಚಿಸಿದ ಆ ವಿವೇಕ ಸಾಮಾನ್ಯವಾದುದಲ್ಲ. ಮುಂದೆ ಊರಿಗೊಂದೆರಡು ಮನೆಗಳಲ್ಲಿ ಫೋನು ನೆಲೆಗೊಂಡಿತು. ಮದುವೆಯ ಕರೆಯೋಲೆಯ ಕೆಳಗೆ ನೆರೆಮನೆಯವರ ಸಂಖ್ಯೆಯನ್ನು ಮುದ್ರಿಸಿ ಪಕ್ಕದಲ್ಲಿ ‘ಪಿ.ಪಿ.’ ಎಂದು ಕಾಣಿಸುವ ಪದ್ಧತಿ ಬಂದಿತು; ಕರೆ ಬಂದೊಡನೆ ಆ ಮನೆಯ ಹುಡುಗ ತೋಟದ ಅಂಚಿನಲ್ಲಿ ನಿಂತು ಕೂಗು ಹಾಕುವನು, ಈಚೆಯವರು ಕೆಸರುಗಾಲಿನಲ್ಲೇ ಓಡುವರು. ಆ ಕಪ್ಪು ಪೆಟ್ಟಿಗೆಯಲ್ಲಿದ್ದ ಗುಣವೊಂದನ್ನು ಈಗ ನೆನೆಯಬೇಕಾಗಿದೆ. ಅದಕ್ಕೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ ತಾಮ್ರದ ತಂತಿಯ ಮೂಲಕ ಹರಿದು ಬರುತ್ತಿದ್ದುದರಿಂದ, ಮನೆಯಲ್ಲಿ ದೀಪವಾರಿದ ರಾತ್ರಿಯಲ್ಲೂ, ಕೊಂಬೆ ಬಿದ್ದು ತಂತಿ ಕಡಿಯದಿದ್ದರೆ, ವೈದ್ಯರನ್ನು ಕರೆಯಬಹುದಾಗಿತ್ತು.

ಮೊಬೈಲು ತಂದ ಉಪಕಾರವನ್ನು ಕಡಿಮೆಯೆಂದು ಹೇಳುವ ಕೃತಘ್ನತೆ ನನ್ನದಲ್ಲ. ಮಕ್ಕಳೆಲ್ಲ ಬೆಂಗಳೂರನ್ನೋ ಅಮೆರಿಕವನ್ನೋ ಸೇರಿ, ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿರುವುದು ಇಂದಿನ ಮಲೆನಾಡಿನ ಸಾಮಾನ್ಯ ದೃಶ್ಯ; ಅವರಿಗೆ ಸಂಜೆಯ ವಿಡಿಯೊ ಕರೆಯಲ್ಲಿ ಮೊಮ್ಮಗುವಿನ ಮುಖ ಕಾಣುವುದು ಹಿಂದಿನ ತಲೆಮಾರು ಕನಸಿನಲ್ಲೂ ಕಾಣದ ಭಾಗ್ಯ. ಶಿವಮೊಗ್ಗದ ಮಂಡಿಯ ಅಡಕೆ ಧಾರಣೆ ಅಂದಂದೇ ಅಂಗಳಕ್ಕೆ ಬರುತ್ತದೆ. ಇದೆಲ್ಲ ಸತ್ಯ. ಆದರೆ ಅದೇ ದಂಪತಿಗಳು ಮಳೆಗಾಲದಲ್ಲಿ ಹೇಳುವ ಮಾತು ಒಂದೇ: “ಕರೆಂಟು ಹೋಯ್ತು, ಟವರೂ ಹೋಯ್ತು.” ಗಾಳಿಗೆ ಮರವುರುಳಿ ಒಂದೆರಡು ದಿನ ವಿದ್ಯುತ್ತಿಲ್ಲವಾದರೆ, ಟವರಿನ ಬ್ಯಾಟರಿ ಬರಿದಾಗಿ, ಜನರೇಟರಿಗೆ ಡೀಸೆಲ್ ಹಾಕುವವರಿಲ್ಲದೆ, ಹಾವು ಕಚ್ಚಿದಾಗಲೋ ಎದೆನೋವು ಬಂದಾಗಲೋ ಅತ್ಯಂತ ಅವಶ್ಯವಾದ ಆ ಗಳಿಗೆಯಲ್ಲೇ ಮೊಬೈಲು ಮೂಕವಾಗುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಕೊಡಲು ಬಂದ ಮುದುಕಿ, ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ, ಬರಿಯ ಚೀಲವನ್ನು ಮಡಚಿಕೊಂಡು, ಕೂಲಿಯನ್ನು ಕಳೆದುಕೊಂಡು ಹಿಂದಿರುಗುವುದನ್ನು ನೋಡಿದವರಿಗೆ ಸಂಪರ್ಕವು ಕೇವಲ ಮಾತುಕತೆಯ ಸೌಕರ್ಯವೆಂದು ಅನ್ನಿಸಲಾರದು. ಅನ್ನವನ್ನು ಅದಕ್ಕೆ ಕಟ್ಟಿಹಾಕಿದವರು ನಾವೇ ಅಲ್ಲವೇ?

ಶರಾವತಿಯ ಹಿನ್ನೀರಿನ ಕಡೆ ಈ ಅನ್ಯಾಯ ಇನ್ನೂ ತೀಕ್ಷ್ಣವಾಗಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಗದ್ದೆ ತೋಟಗಳನ್ನು ಮುಳುಗಿಸಿಕೊಂಡು ರಾಜ್ಯಕ್ಕೆ ಬೆಳಕನ್ನಿತ್ತ ಸೀಮೆಯದು. ಅಲ್ಲಿನ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗರು 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಅಭಿಯಾನ ಹೂಡಬೇಕಾಯಿತು. ಆ ದಿನಗಳಲ್ಲಿ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಸರಿದಿದ್ದುದರಿಂದ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡದ ನೆತ್ತಿಯನ್ನು ಹತ್ತಿದುದನ್ನು ನಾವಾರೂ ಮರೆಯುವಂತಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟವು ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತುದು ಸ್ವಾಗತಾರ್ಹ. ಆದರೂ ಟವರು ನಿಂತ ಮಾತ್ರಕ್ಕೆ ಕರೆ ಮುಟ್ಟಿತೆಂದು ಕಡತದಲ್ಲಿ ಬರೆದುಬಿಡುವ ಅಪಾಯವಿದೆ. ಗುಡ್ಡದ ಈ ಮಗ್ಗುಲಿನ ಸಂಕೇತ ಆ ಮಗ್ಗುಲಿಗೆ ದಾಟದೆಂಬುದು ಇಲ್ಲಿನ ದನಗಾಹಿ ಹುಡುಗನಿಗೂ ತಿಳಿದ ಸಂಗತಿ.

ಆದುದರಿಂದ ಅಂಚೆಗೆ ವಿಧಿಸಿದ್ದ ಕರ್ತವ್ಯವನ್ನೇ ಮೊಬೈಲ್ ಸೇವೆಗೂ ವಿಧಿಸಬೇಕೆಂದು ನಾನು ಕೇಳುತ್ತೇನೆ. ತರಂಗಗಳು ಪ್ರಜೆಗಳ ಸ್ವತ್ತು. ಅವುಗಳನ್ನು ಪಡೆದವರು ಲಾಭದ ಪೇಟೆಗೆ ಮಾತ್ರ ಸಲ್ಲುವುದು ನ್ಯಾಯವಲ್ಲ. ಸರ್ಕಾರವು ಗ್ರಾಮವನ್ನು ಬಿಟ್ಟು ಮನೆಯನ್ನು ಎಣಿಕೆಯ ಘಟಕವಾಗಿ ಹಿಡಿಯಲಿ. ಮಲೆನಾಡಿನ ಪ್ರತಿಯೊಂದು ಟವರಿಗೂ ಮೂರು ದಿನ ಬಾಳುವಷ್ಟು ಬ್ಯಾಟರಿ ಹಾಗೂ ಡೀಸೆಲ್ ಕಡ್ಡಾಯವಾಗಲಿ. ವರ್ಷವರ್ಷವೂ ಮೃಗಶಿರಾ ಮಳೆ ಹಿಡಿಯುವ ಮುನ್ನವೇ ತಹಸೀಲ್ದಾರರ ಸಮ್ಮುಖದಲ್ಲಿ ವಿದ್ಯುತ್ತನ್ನು ತೆಗೆದು ಟವರನ್ನು ಪರೀಕ್ಷಿಸಿ, ಎಷ್ಟು ಗಂಟೆ ನಿಂತಿತೆಂಬುದನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಿಸಲಿ.