ಪಂಜರದ ಇಲಿ ಮತ್ತು ಪ್ರಾಣಿದಯೆಯ ಸೋಗು

ಪಟ್ಟಣದ ಅಂಗಡಿಯಿಂದ ಒಂದು ಜೊತೆ ಹ್ಯಾಮ್‌ಸ್ಟರ್ ತಂದು, ಮನೆಯಲ್ಲೇ ಮರಿ ಮಾಡಿಸಿ ಮಾರುವುದನ್ನು ನಿರುಪದ್ರವಿ ಹವ್ಯಾಸವೆಂದು ಹೊಗಳುವವರಿದ್ದಾರೆ. ಮಕ್ಕಳಲ್ಲಿ ಪ್ರಾಣಿದಯೆ ಬೆಳೆಯುತ್ತದೆ, ಕೈಗೆ ನಾಲ್ಕು ಕಾಸು ಸೇರುತ್ತದೆ ಎಂಬುದು ಅವರ ವಾದ. ಈ ವಾದ ಪರೀಕ್ಷೆಗೆ ನಿಲ್ಲುವಂಥದ್ದಲ್ಲ.

ಹೊಂಬಣ್ಣದ ಹ್ಯಾಮ್‌ಸ್ಟರ್ ಸಿರಿಯಾ-ಟರ್ಕಿ ಗಡಿಸೀಮೆಯ ಒಣ ಹೊಲಗಳ ಜೀವಿ. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ಬಳಿ ನೆಲ ಅಗೆಸಿ, ಒಂದು ತಾಯಿಯನ್ನೂ ಅದರ ಮರಿಗಳನ್ನೂ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಒಯ್ದರು. ಮುದ್ದಿಗಾಗಿ ಅಲ್ಲ, ಪ್ರಯೋಗಕ್ಕಾಗಿ. ಇಂದು ಜಗತ್ತಿನ ಪಂಜರಗಳಲ್ಲಿರುವ ಈ ಜಾತಿಯ ಬಹುತೇಕ ಪ್ರಾಣಿಗಳು ಆ ಒಂದೇ ಬಿಲದ ಸಂತತಿ. ತವರಿನಲ್ಲಾದರೋ ಅದು ಬೆಳೆಯ ಪೀಡೆಯೆನಿಸಿ, ವಿಷವುಂಡು, ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದೆ. ಲಕ್ಷಾಂತರ ಪಂಜರಗಳಿಂದ ಹೊಲದ ಬಿಲಗಳಿಗೇನೂ ರಕ್ಷಣೆ ಸಿಕ್ಕಿಲ್ಲ.

ಅದು ಒಂಟಿಯಾಗಿ ಬಾಳುವ ಪ್ರಾಣಿ. ಬಲಿತ ಎರಡನ್ನು ಒಂದೇ ಪಂಜರಕ್ಕೆ ಹಾಕಿದರೆ ಕಚ್ಚಾಡಿ ಸಾಯುವುದುಂಟು. ರಾತ್ರಿಯಿಡೀ ಓಡಾಡಿ ಆಳದ ಬಿಲದಲ್ಲಿ ಹಗಲು ಕಳೆಯಬೇಕಾದ ಜೀವವನ್ನು ನಡುಹಗಲಿನಲ್ಲಿ ಎಬ್ಬಿಸಿ ಅಂಗೈಯಲ್ಲಿ ಆಡಿಸಲಾಗುತ್ತದೆ. ಗಾಬರಿಗೊಂಡ ಬಾಣಂತಿ ತನ್ನ ಮರಿಗಳನ್ನೇ ತಿನ್ನುತ್ತದೆ. ಅದನ್ನು ಕಂಡ ಮಗು ಕಲಿಯುವ ದಯೆ ಯಾವುದು?

ಇನ್ನು ಆದಾಯ. ಗರ್ಭದ ಅವಧಿ ಹದಿನಾರೇ ದಿನ. ಹೆರಿಗೆಗೆ ಎಂಟು-ಹತ್ತು ಮರಿ. ಎರಡು ತಿಂಗಳಾಗುವಷ್ಟರಲ್ಲಿ ಆ ಮರಿಗಳೂ ಮರಿ ಹಾಕಬಲ್ಲವು. ಕೊಳ್ಳುವವರು ಈ ವೇಗದಲ್ಲಿ ಹುಟ್ಟುವುದಿಲ್ಲ. ಮಿಕ್ಕವನ್ನು ತೋಟದಂಚಿನಲ್ಲಿ ‘ಬಿಡುಗಡೆ’ ಮಾಡುವುದು ಬೆಕ್ಕಿಗೂ ಹಾವಿಗೂ ಉಣಬಡಿಸಿದಂತೆ. ಅಕಸ್ಮಾತ್ ಪರದೇಶದ ದಂಶಕ ಬದುಕಿಕೊಂಡರೆ ಆಗುವುದೇನೆಂಬುದಕ್ಕೆ ಬ್ರಿಟನ್ ಸಾಕ್ಷಿ. ತುಪ್ಪಳಕ್ಕಾಗಿ 1929ರಲ್ಲಿ ಅಲ್ಲಿಗೆ ತಂದ ದಕ್ಷಿಣ ಅಮೆರಿಕದ ಕಾಯ್ಪು ತಪ್ಪಿಸಿಕೊಂಡು ಕಾಲುವೆಗಳ ದಂಡೆ ಕೊರೆಯಿತು. ಅದನ್ನು ನಿರ್ಮೂಲಗೊಳಿಸಲು 1981ರಿಂದ 1989ರವರೆಗೆ ಬೇಟೆಗಾರರ ಪಡೆಯನ್ನೇ ನಿಯೋಜಿಸಬೇಕಾಯಿತು.

ರೋಗದ ಪ್ರಶ್ನೆಯನ್ನಂತೂ ಮಲೆನಾಡು ಹಗುರವಾಗಿ ಕಾಣುವಂತಿಲ್ಲ. 2003ರಲ್ಲಿ ಘಾನಾದಿಂದ ಅಮೆರಿಕಕ್ಕೆ ಮಾರಾಟಕ್ಕಾಗಿ ಬಂದ ದಂಶಕಗಳ ಜೊತೆಯಲ್ಲಿ ಮಂಕಿಪಾಕ್ಸ್ ಬಂತು. ಅವುಗಳ ಸಮೀಪದಲ್ಲಿರಿಸಿದ್ದ ಪ್ರೈರಿ ಡಾಗ್‌ಗಳಿಗೂ, ಅವನ್ನು ಮುದ್ದಿಗೆ ಕೊಂಡವರಿಗೂ ಅದು ಹಬ್ಬಿತು. ದೃಢಪಟ್ಟ ಹಾಗೂ ಸಂಭಾವ್ಯ ಪ್ರಕರಣಗಳು 47. ಯಾರೂ ಸಾಯದಿದ್ದುದು ಪುಣ್ಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಚಕ್ರದಲ್ಲಿಯೂ ಉಣುಗಿನೊಡನೆ ಕಾಡಿನ ಇಲಿ, ಸೊಂಡಿಲಿಗಳಿವೆ. ಹ್ಯಾಮ್‌ಸ್ಟರ್ ಈ ಕಾಯಿಲೆ ತರುತ್ತದೆಂದಲ್ಲ. ಆದರೆ ಸಣ್ಣ ಪ್ರಾಣಿಯ ಮೈಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಗಿಡ್ಡದೆಂದು ಪ್ರತಿ ಬೇಸಿಗೆಯಲ್ಲೂ ಅರಿಯುವ ಜನ, ಮೂಲ ತಿಳಿಯದ ಪ್ರಾಣಿಗಳ ಕೈಬದಲನ್ನು ಆಟವೆಂದು ಬಗೆಯುವುದು ಹೇಗೆ?

ದಂಶಕಗಳ ಕುತೂಹಲವಿರುವ ವಿದ್ಯಾರ್ಥಿಗೆ ಘಟ್ಟದಲ್ಲಿ ಕೊರತೆಯಿಲ್ಲ. ಕೆಂದಳಿಲು, ಹಾರುಬೆಕ್ಕು, ಮುಳ್ಳುಹಂದಿ ಎಲ್ಲವೂ ಅದೇ ಕುಲದವು. ಪೊಟರೆಯಲ್ಲಿ ವಾಸಿಸುವ, ಬಾಲದ ತುದಿ ಕುಂಚದಂತಿರುವ ಮುಳ್ಳುಗೂದಲಿನ ಇಲಿಯೊಂದು ಪಶ್ಚಿಮ ಘಟ್ಟದ ಹೊರತು ಜಗತ್ತಿನ ಬೇರೆಲ್ಲಿಯೂ ಇಲ್ಲ. ಹಣ್ಣಾದ ಕಾಳುಮೆಣಸಿಗೆ ಬಾಯಿ ಹಾಕುವುದರಿಂದ ಹಳೆಯ ತೋಟಗಾರರ ಬೈಗುಳಕ್ಕೂ ಅದು ಪಾತ್ರ. ಅದನ್ನು ನೋಡಲು ಬೇಕಾದುದು ಹಳೆಯ ಮರ ಮತ್ತು ತಾಳ್ಮೆ. ಅದನ್ನೂ ಹಿಡಿದು ಪಂಜರಕ್ಕೆ ಹಾಕುವ ಬುದ್ಧಿ ಯಾರಿಗೂ ಬಾರದಿರಲಿ.

ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2018ರ ಕೇಂದ್ರ ನಿಯಮ ವಿಧಿಸಿದೆ. ಪೇಟೆಗೆ ಹೋದ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಆ ನೋಂದಣಿ ಪತ್ರ ತೋರಿಸುವಂತೆ ಅಂಗಡಿಯವರನ್ನು ಕೇಳಲಿ. ಪಂಜರದಲ್ಲಿರುವ ಮರಿ ಯಾರ ಮನೆಯಿಂದ ಬಂದುದೆಂದೂ ವಿಚಾರಿಸಲಿ.