ಹತ್ತಿರದಿಂದ ನೋಡುವ ಆಸೆಗೊಂದು ದಿಗ್ವ್ರತ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಬಂಡೀಪುರದತ್ತ ಸಾಗುವ ಹೆದ್ದಾರಿಯಲ್ಲಿ ರಜಾದಿನಗಳಂದು ವಾಹನಗಳ ಸಾಲು ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಅವುಗಳಲ್ಲಿ ಕುಳಿತವರಲ್ಲಿ ಬಹುಪಾಲು ಜನರ ಬಯಕೆ ಒಂದೇ: ಕಾಡಿನ ಪ್ರಾಣಿಯನ್ನು ಹತ್ತಿರದಿಂದ ಕಾಣಬೇಕು. ಹುಲಿ ಕಂಡರೆ ಭಾಗ್ಯ. ಇಲ್ಲವಾದರೆ ಆನೆಯಾದರೂ ಆದೀತು, ಕಡವೆಯಾದರೂ ಆದೀತು. ಉತ್ತರ ಅಮೆರಿಕಕ್ಕೆ ಹೋದವರು ಜಗತ್ತಿನ ಅತಿ ದೊಡ್ಡ ಜಿಂಕೆಯಾದ ಮೂಸ್ ನೋಡಲು ವನ್ಯಧಾಮಗಳನ್ನು ಅರಸುವುದೂ ಇದೇ ಬಯಕೆಯಿಂದ. ಭಾರತದಲ್ಲಿ ಆ ಹಿರಿತನ ಕಡವೆಯದು.

ಇದೇ ಹೆದ್ದಾರಿಯು ಮೈಸೂರನ್ನು ದಾಟಿ ತಿ. ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುತ್ತದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಅಂತ್ಯದಿಂದ 2023ರ ಜನವರಿಯೊಳಗೆ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗದ ಕಾಡಂಚಿನಲ್ಲಿ ದನ ಮೇಯಿಸುವವರಿಗೂ ಹುಲಿಯ ಭಯ ಹೊಸದಲ್ಲ. ಒಬ್ಬನು ಹಣ ತೆತ್ತು ನೋಡಬಯಸುವ ಪ್ರಾಣಿಯೇ ತನಗೆಂದೂ ಎದುರಾಗದಿರಲಿ ಎಂದು ಮತ್ತೊಬ್ಬನು ಪ್ರಾರ್ಥಿಸುತ್ತಾನೆ. ಒಂದೇ ರಸ್ತೆಯ ಮೇಲಿನ ಈ ಎರಡು ಮನಸ್ಸುಗಳ ನಡುವೆ ಅಹಿಂಸೆಯು ಹೇಳುವುದಾದರೂ ಏನನ್ನು?

ಜೈನ ಗೃಹಸ್ಥನಿಗೆ ವಿಧಿಸಿದ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಮಾತ್ರ ಹೋಗುವೆನೆಂದು ಶ್ರಾವಕನು ತಾನಾಗಿಯೇ ಗಡಿ ಹಾಕಿಕೊಳ್ಳುತ್ತಾನೆ. ಆ ಗಡಿಯ ಆಚೆಗಿರುವ ಜೀವಗಳಿಗೆ ಅವನಿಂದ ಸ್ಥೂಲ ಹಿಂಸೆಯೂ ಇಲ್ಲ, ಸೂಕ್ಷ್ಮ ಹಿಂಸೆಯೂ ಇಲ್ಲ. ಆದುದರಿಂದಲೇ ಅವನು ಪಾಲಿಸುವ ಅಣುವ್ರತವು ಅಷ್ಟರಮಟ್ಟಿಗೆ ಮಹಾವ್ರತಕ್ಕೆ ಸಮಾನವಾಗುತ್ತದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಹೋಗಬಲ್ಲ ಶಕ್ತಿಯಿದ್ದರೂ ಹೋಗದಿರುವುದು ಒಂದು ಬಗೆಯ ಅಭಯದಾನ.

ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಜಾರಿಯಲ್ಲಿದೆ. ವ್ಯಾಪಾರಕ್ಕೂ ಪ್ರಯಾಣಕ್ಕೂ ತೊಡಕೆಂದು ಅದನ್ನು ಆಕ್ಷೇಪಿಸಿದವರುಂಟು. ಆದರೆ ಕಾನೂನು ಹೊರಗಿನಿಂದ ಹಾಕಿದ ಈ ಗಡಿಯಲ್ಲಿ ಶ್ರಾವಕನು ತನ್ನ ದಿಗ್ವ್ರತದ ಛಾಯೆಯನ್ನು ಗುರುತಿಸಬಲ್ಲನು. ಕಡವೆಯು ಹೆಚ್ಚಾಗಿ ಮುಸ್ಸಂಜೆಯಿಂದ ಮೊದಲ್ಗೊಂಡು ರಾತ್ರಿಯಲ್ಲಿ ಮೇಯುವ ಪ್ರಾಣಿ. ಆ ಒಂಬತ್ತು ಗಂಟೆಗಳು ಅದರ ಪಾಲಿನವು.

ಹಗಲಿನ ಸಫಾರಿಗೆ ಅಂತಹ ಒಳಗಿನ ಗಡಿಯೊಂದು ಬೇಕಾಗಿದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಸಫಾರಿಗೆ ಹೋದವನು ಪ್ರಾಣಿಯನ್ನು ಮುಟ್ಟುವುದೇ ಇಲ್ಲ, ದೋಷವೆಲ್ಲಿ ಎಂದು ಕೇಳಬಹುದು. ಬೇಸಿಗೆಯಲ್ಲಿ ಕೆರೆಗೆ ಇಳಿಯಲು ಬಂದ ಕಡವೆಯು ದಡದ ವಾಹನಗಳನ್ನು ಕಂಡು, ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಎಚ್ಚರಿಕೆಯ ಕೂಗು ಹಾಕಿ ನೀರು ಕುಡಿಯದೆ ಹಿಂದಿರುಗಿದರೆ ಅದು ಐದನೆಯ ಅತಿಚಾರವಲ್ಲದೆ ಮತ್ತೇನು? ಇನ್ನಷ್ಟು ಹತ್ತಿರ ಹೋಗೆಂದು ಚಾಲಕನನ್ನು ಒತ್ತಾಯಿಸಿದವನಿಗೆ, ತಾನು ಮಾಡಲಿಲ್ಲವೆಂಬ ಸಮಾಧಾನವೂ ಉಳಿಯದು. ಕೃತ, ಕಾರಿತ, ಅನುಮೋದಿತಗಳೆಂಬ ಮೂರೂ ಬಗೆಗಳಲ್ಲಿ ಕರ್ಮವು ಅಂಟುತ್ತದೆ. ಮಾಡಿಸಿದ್ದು ಅವನ ಲೆಕ್ಕಕ್ಕೆ. ತಲೆದೂಗಿದ್ದು ಪಕ್ಕದಲ್ಲಿ ಕುಳಿತವನ ಲೆಕ್ಕಕ್ಕೆ.

ಹಾಗಾದರೆ ಯಾರೂ ನೋಡಲೇಬಾರದೆ? ನೋಡದ ಮಗುವಿನಲ್ಲಿ ಕಾಡಿನ ಮೇಲೆ ಪ್ರೀತಿ ಮೂಡುವುದೆಂತು ಎಂಬ ಪ್ರಶ್ನೆಯು ನ್ಯಾಯವಾದುದೇ. ಮೈಸೂರು ಅರಸರು ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ರಚಿಸದೆ ಹೋಗಿದ್ದರೆ, 1973ರಲ್ಲಿ ಹುಲಿ ಯೋಜನೆಯು ಬರದೆ ಹೋಗಿದ್ದರೆ, ಬಂಡೀಪುರವು ಇಂದಿನಂತೆ ಉಳಿಯುತ್ತಿತ್ತೆಂದು ಹೇಳಲಾಗದು. ಆದುದರಿಂದ ನೋಟವೇ ಪಾಪವೆನ್ನುವುದು ಅತಿಯಾದೀತು. ವಿಚಾರಿಸಬೇಕಾದುದು ನೋಟದ ಫಲವನ್ನು.

ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥನ ಕಥೆಯನ್ನು ಕೇಳದ ಜೈನ ಮನೆ ವಿರಳ. ಮದುವೆಗೆಂದು ರಥದಲ್ಲಿ ಹೊರಟ ನೇಮಿಕುಮಾರನು ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳನ್ನು ಕಂಡನು. ವಿವಾಹದ ಔತಣಕ್ಕಾಗಿ ಅವು ಪ್ರಾಣ ತೆರಲಿವೆಯೆಂದು ತಿಳಿದ ಕ್ಷಣವೇ ರಥವನ್ನು ತಿರುಗಿಸಿದನು. ಗಿರನಾರ್ ಪರ್ವತವನ್ನೇರಿ ದೀಕ್ಷೆ ಕೈಗೊಂಡನು. ಅವನೂ ಪ್ರಾಣಿಗಳನ್ನು ಹತ್ತಿರದಿಂದಲೇ ನೋಡಿದನು. ಆದರೆ ಆ ನೋಟದಲ್ಲಿ ಅವುಗಳ ಭಯವು ಅವನಿಗೆ ಕಂಡಿತು. ಭಯ ಕಂಡ ಮೇಲೆ ರಥವು ಮುಂದೆ ಸಾಗಲಿಲ್ಲ.

ಕಾಡಂಚಿನ ರೈತನ ಭಯವೂ ಹಾಗೆಯೇ ಕಾಣಬೇಕು. ಸಫಾರಿಯ ವಾಹನದಲ್ಲಿ ಕುಳಿತು ಅವನಿಗೆ ಅಹಿಂಸೆಯನ್ನು ಬೋಧಿಸುವುದು ಸುಲಭ. ಜೈನ ಆಚಾರವಂತೂ ಅದನ್ನು ಮೆಚ್ಚದು. ಬೇಕೆಂದೇ ಕೊಲ್ಲುವ ಸಂಕಲ್ಪ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು; ಬೇಸಾಯದಲ್ಲಿ, ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಆದಷ್ಟು ತಗ್ಗಿಸಿಕೊಳ್ಳಬೇಕು ಎಂಬ ವಿವೇಚನೆ ಅಲ್ಲಿದೆ. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯಲ್ಲಿ ಹುಲಿ ದಾಳಿಗಳು ನಡೆದಾಗ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸ್ಥಗಿತಗೊಳಿಸಿ, ಆ ಸಿಬ್ಬಂದಿಯನ್ನು ಜನರ ರಕ್ಷಣೆಯ ಕಾರ್ಯಕ್ಕೆ ತೊಡಗಿಸಲು ನಿರ್ಧರಿಸಿತು. ಪ್ರವಾಸಿಯ ಸಂತೋಷಕ್ಕಿಂತ ದನಗಾಹಿಯ ಪ್ರಾಣ ಮೊದಲೆಂಬ ಆ ತತ್ತ್ವವು ಆದೇಶವೊಂದರ ಅವಧಿಗೆ ಸೀಮಿತವಾಗಬಾರದು. ಸಫಾರಿಗೆ ತೆರುವಷ್ಟೇ ಹಣವನ್ನು ಕಾಡಂಚಿನ ಕುಟುಂಬಗಳಿಗಾಗಿ ತೆಗೆದಿರಿಸುವೆನೆಂದು ಪ್ರವಾಸಿಯು ಸಂಕಲ್ಪಿಸಿದರೆ ಅದು ದಾನ. ಪ್ರಾಣಿಯು ಕಿವಿ ನಿಮಿರಿಸಿದೊಡನೆ ವಾಹನ ನಿಲ್ಲಲಿ ಎಂದರೆ ಅದು ವ್ರತ. ಚಿತ್ರ ಸಿಗದಿದ್ದರೂ ಬೇಸರಿಸದಿದ್ದರೆ ಅದು ಅಪರಿಗ್ರಹ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬ ಸೂತ್ರವು ಪ್ರವಾಸಿ, ರೈತ, ಕಡವೆ ಮೂವರಿಗೂ ಅನ್ವಯಿಸುವುದು ಹೀಗೆ.

ತಿ. ನರಸೀಪುರ ತಾಲ್ಲೂಕಿನ ತಲಕಾಡು ಒಂದು ಕಾಲಕ್ಕೆ ಗಂಗರ ರಾಜಧಾನಿ. ಗಂಗರ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಬಾಹುಬಲಿಯ ಪಾದಗಳ ಬಳಿ ಹುತ್ತಗಳಿವೆ, ಅವುಗಳಿಂದ ಹೊರಬರುವ ಹಾವುಗಳಿವೆ. ತೋಳುಗಳಿಗೆ ಬಳ್ಳಿ ಹಬ್ಬಿದೆ. ಬಾಹುಬಲಿಯು ಅವುಗಳನ್ನು ಅರಸಿ ಹೋದವನಲ್ಲ. ಅವನು ನಿಶ್ಚಲನಾಗಿ ನಿಂತನು. ಅವನಿಂದ ಭಯವಿಲ್ಲವೆಂದು ಅರಿತ ಜೀವಗಳು ತಾವಾಗಿಯೇ ಬಳಿಗೆ ಬಂದವು.