ಹೊಸ ಹಂಚಿನ ಮೊದಲ ರೊಟ್ಟಿ

ಹೋದ ದೀಪಾವಳಿ ಸೂಟಿಗೆ ತಮ್ಮನ ಮಗ ಪುಣೆಯಿಂದ ಬಂದಿದ್ದ. ಬಂದವನೇ ಕೈಕಾಲು ತೊಳಕೊಳ್ಳೋಕಿಂತ ಮೊದಲು ಲ್ಯಾಪ್‌ಟಾಪ್ ತಗದು ಕೂತ. ಮಾಟಗಾರರು, ಡ್ರ್ಯಾಗನ್ನು, ಊರು ಕಟ್ಟೋದು, ದಂಡು ಕೂಡಿಸೋದು, ಅಂಥದೊಂದು ಆಟ. ಎರಡನೇ ಭಾಗ ಎರಡು ವರ್ಷ ಆಡಿದ್ದನಂತ, ಈಗ ಮೂರನೇದು ತಗೊಂಡಾನ. ನಾ ಅಡಿಗಿಮನ್ಯಾಗ ಚಹಾ ಸೋಸಲಿಕ್ಕತ್ತಿದ್ದೆ, ಹೊರಗಿಂದ ಕೂಗಿದ: “ದೊಡ್ಡಪ್ಪಾ, ಪೂರಾ ಕೆಡಿಸಿ ಇಟ್ಟಾರ ಇದನ್ನ!”

ಗಡಿಯಾರ ನೋಡಿದೆ. ಕೂತು ಐವತ್ತು ನಿಮಿಷ ಆಗಿತ್ತು.

ಸಿಟ್ಟು ಬಂತು ನನಗ. ಆದ್ರ ಆ ಹುಡುಗನ ಮ್ಯಾಲೆ ಅಲ್ಲ. ಇದೇ ಮಾತು, ಇದೇ ಧ್ವನಿಯೊಳಗ, 2002ರಾಗ ನಾನೇ ಅವರಪ್ಪಗ ಅಂದಿದ್ದೆ. ಇವತ್ತಿನ ಬರಹ ಆ ಸಿಟ್ಟಿಂದು. ಆಟ ಆಡದವರು ಬೇಜಾರು ಮಾಡ್ಕೋಬ್ಯಾಡ್ರಿ, ಹೊಸ ಕುಕ್ಕರು, ಹೊಸ ಸೊಸಿ, ಹೊಸ ಬಾಡಿಗಿ ಮನಿ, ಎಲ್ಲಾದಕ್ಕೂ ಇದೇ ಲೆಕ್ಕ ನಡೀತದ.

ನಮ್ಮನ್ಯಾಗ ಆಗ ಇದ್ದದ್ದು ಒಂದೇ ಕಂಪ್ಯೂಟರು. ಅದರೊಳಗ ‘ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್’ ಮೂರನೇ ಭಾಗ. 1999ರಾಗ ಬಂದ ಆಟ ಅದು. ನಾನೂ ತಮ್ಮನೂ ಒಂದೇ ಕುರ್ಚಿ ಪಾಳಿ ಮ್ಯಾಲೆ ಹಂಚ್ಕೊಂಡು ಆಡ್ತಿದ್ವಿ. ಅವಂದು ಪಾಳಿ ಬಂದಾಗ ನಾ ನಕಾಶೆ ನೋಡಬಾರದು, ಅಡಿಗಿಮನಿಗೆ ಹೋಗಬೇಕು. ನನ್ನ ಪಾಳಿಗೆ ಅವ ಹೋಗಬೇಕು. “ಈ ಆಟದ ಕಾಲಾಗ ನನಗ ಕಾಯಿಪಲ್ಯೆ ಹೆಚ್ಚೋರು ಸಿಕ್ಕಾರ” ಅಂತ ಅವ್ವ ನಗ್ತಿದ್ಲು. ಎಂಟು ನಮೂನಿ ಊರು, ಒಂದೊಂದು ಊರಾಗ ಏಳು ನಮೂನಿ ದಂಡು, ಪ್ರತಿಯೊಂದಕ್ಕೂ ಒಂದು ಮೇಲಿನ ದರ್ಜೆ. ವಾರದ ಮೊದಲನೇ ದಿನ ಹೊಸ ದಂಡು ಹುಟ್ಟೋದು. ಸಂಬಳದ ದಿನದ ಹಾಂಗ ಕಾಯ್ತಿದ್ವಿ ಅದನ್ನ.

2002ರಾಗ ನಾಲ್ಕನೇ ಭಾಗ ಬಂತು. ತಮ್ಮಗ ಆಗಷ್ಟೇ ನೌಕರಿ ಸಿಕ್ಕಿತ್ತು. ಮೊದಲ ಪಗಾರದಾಗ ಅವ್ವಗ ಸೀರಿ, ಅಪ್ಪಗ ಚಪ್ಪಲಿ, ಮನಿಗೆ ಈ ಆಟ ತಂದ. ಡಬ್ಬಿ ನನ್ನ ಕೈಯಾಗ ಕೊಟ್ಟು, “ಮೊದಲ ಪಾಳಿ ನಿಂದು” ಅಂದ.

ನಾ ಒಂದು ತಾಸು ಆಡಿದೆ. ಎದ್ದು ನಿಂತೆ. “ಕೆಡಿಸ್ಯಾರ. ಅಂಗಡಿಯವ ವಾಪಸ್ ತಗೋತಾನೇನು ಕೇಳು” ಅಂದೆ.

ಏನು ಕೆಡಿಸಿದ್ರು? ನನ್ನ ತಕರಾರಿನ ಪಟ್ಟಿ ಇನ್ನೂ ಬಾಯಿಪಾಠ ಅದ. ಮೂರನೇದರಾಗ ನಾಯಕ ಕಣದ ಬಾಜೂಕ ನಿಂತು ಮಂತ್ರ ಹಾಕ್ತಿದ್ದ, ಅವನ್ನ ಯಾರೂ ಮುಟ್ಟಂಗಿಲ್ಲ. ನಾಲ್ಕನೇದರಾಗ ಅವನೇ ಕಣದಾಗ ಇಳೀತಾನ, ಹೊಡಿತಾನ, ಹೊಡಿಸ್ಕೋತಾನ, ಸಾಯ್ತಾನ. ಎಂಟು ಊರು ಇದ್ದದ್ದು ಆರಾದವು. ಮೇಲಿನ ದರ್ಜೆ ಹೋತು. ಅದರ ಬದಲಿ ಎರಡರೊಳಗ ಒಂದು ಆರಿಸು ಅಂತಾರ: ದೇವದೂತ ಬೇಕೋ ಕುದುರಿ ಸವಾರ ಬೇಕೋ, ಕರಿ ಡ್ರ್ಯಾಗನ್ ಬೇಕೋ ಹೈಡ್ರಾ ಬೇಕೋ, ಎರಡೂ ಸಿಗಂಗಿಲ್ಲ. ವಾರಕ್ಕೊಮ್ಮೆ ಹುಟ್ತಿದ್ದ ದಂಡು ದಿನಾ ಚೂರುಚೂರು ಹುಟ್ಟಲಿಕ್ಕತ್ತಿತು. ಯುದ್ಧದಾಗ ಮೊದಲು ಹೊಡದವಗ ಇದ್ದ ಲಾಭ ಹೋಗಿ, ಎದುರಿನವನೂ ಅದೇ ಹೊತ್ತಿಗೆ ತಿರುಗಿ ಹೊಡಿತಾನ.

ಈಗ ಈ ಪಟ್ಟಿ ಇನ್ನೊಮ್ಮೆ ಓದ್ರಿ. ಇದರಾಗ ಆಟ ಕೆಟ್ಟದ ಅನ್ನೋದಕ್ಕ ಒಂದಾದ್ರೂ ಕಾರಣ ಅದ ಏನು? ಪ್ರತಿಯೊಂದು ಸಾಲೂ “ಮೊದಲು ಹಂಗಿತ್ತು, ಈಗ ಹಿಂಗದ” ಅನ್ನೋದು ಅಷ್ಟೇ. ಅದು ನನ್ನ ಕೈರೂಢಿಯ ವರ್ಣನಾ, ಆಟದ್ದಲ್ಲ. ಹೊಸ ಹಂಚಿನ ಮೊದಲ ರೊಟ್ಟಿ ಹತ್ಕೊಂಡು ಹರೀತದ, ಅದಕ್ಕ ನಮ್ಮವ್ವ ಹಂಚು ಬೀಸಾಕಲಿಲ್ಲ. ಉರಿ ಎಷ್ಟು ಬೇಕು ಅಂತ ಕೈಗೆ ಇನ್ನೂ ಗೊತ್ತಾಗಿಲ್ಲ ಅಂತ ತಿಳಕೊಂಡಳು.

ಖರೇ ಹೇಳಬೇಕಂದ್ರ ಆ ಬದಲಾವಣೆಗಳಾಗ ಬುದ್ಧಿ ಇತ್ತು. ಮೂರನೇದರಾಗ ಪವನಯಂತ್ರಕ್ಕ, ನೀರಿನ ಗಾಲಿಗೆ ವಾರಾ ವಾರಾ ನಾಯಕನೇ ಹೋಗಿ ವಸೂಲಿ ಮಾಡಬೇಕಿತ್ತು. ನಾಲ್ಕನೇದರಾಗ ಒಮ್ಮೆ ಹೋಗಿ ನಿಶಾನಿ ಹಚ್ಚಿದರ ಸಾಕು. ದಂಡು ಹೊತ್ತು ತರಲಿಕ್ಕೆ ಕಾರವಾನ್ ಬಂತು. ನಾಯಕ ಇಲ್ಲದನೂ ದಂಡು ನಕಾಶೆ ಮ್ಯಾಲೆ ನಡೀಬಹುದು. ಎರಡರೊಳಗ ಒಂದು ಆರಿಸೋದರಿಂದ ಒಂದೇ ಊರು ಎರಡು ಸಲ ಎರಡು ಥರಾ ಆಗ್ತಿತ್ತು. ನಾಯಕ ಸಾಯ್ತಾನ ಅಂತ ನಾ ಚೀರಿದ್ದೆನಲ್ಲ, ಸತ್ತವನ್ನ ಊರಿಗೆ ಹೊತ್ಕೊಂಡು ಬಂದು ಎಬ್ಬಿಸಬಹುದಿತ್ತು. ಇದು ಯಾವುದೂ ಮೊದಲ ತಾಸಿನಾಗ ತಿಳಿಯೋದಲ್ಲ. ನಾಲ್ಕನೇ ದಿನ, ಹತ್ತನೇ ದಿನ ತಿಳೀತದ.

ಆ ಆಟದ ಕಥಿನೇ ನೋಡ್ರಿ. ಎರಡು ಮಾಟದ ಕತ್ತಿ ಒಂದಕ್ಕೊಂದು ಬಡದು ಹಳೇ ಜಗತ್ತು ನಾಶ ಆಗ್ತದ. ಉಳಿದವರು ಮಾಯದ ಬಾಗಲಾ ದಾಟಿ ಆಕ್ಸಿಯೋತ್ ಅನ್ನೋ ಹೊಸ ಜಗತ್ತಿಗೆ ಹೋಗ್ತಾರ. ಕಥಿಯೊಳಗಿನ ಮಂದಿಗೆ ಇಡೀ ಜಗತ್ತು ಬಿಡೋದಾತು. ನಮಗ ಒಬ್ಬ ನಾಯಕ ನಿಂತಿದ್ದ ಜಾಗಾ ಬಿಡೋದಾಗಲಿಲ್ಲ.

ಇಲ್ಲಿ ನೀವು ಅಡ್ಡ ಬರ್ತೀರಿ, ಗೊತ್ತದ ನನಗ. “ಹಂಗಾರ ರೊಕ್ಕ ಕೊಟ್ಟವರು ಬಾಯಿ ಮುಚ್ಕೊಂಡು ಕೂಡಬೇಕೇನು? ಕಂಪನಿ ಏನು ಕೊಟ್ಟರೂ ಹತ್ತು ದಿನ ತಿಂದು ನೋಡು ಅಂತೀರೇನು?” ಇಲ್ಲರೀ. ಮೊದಲ ಸಂಜಿಗೇ ಹೇಳಬಹುದಾದ, ಹೇಳಲೇಬೇಕಾದ ಮಾತು ಇರ್ತಾವ. ಅರ್ಧಾ ಬೆಂದ ಅನ್ನ ಅರ್ಧಾ ಬೆಂದದ ಅನ್ನಲಿಕ್ಕೆ ಹತ್ತು ದಿನ ಬ್ಯಾಡ, ಒಂದು ಅಗಳು ಸಾಕು.

ಮತ್ತ ನಾಲ್ಕನೇ ಭಾಗ ಅರ್ಧಾ ಬೆಂದದ್ದೇ ಇತ್ತು. ಅದನ್ನ ಮಾಡಿದ್ದು ನ್ಯೂ ವರ್ಲ್ಡ್ ಕಂಪ್ಯೂಟಿಂಗ್. ಅದರ ಮಾಲಕ ಕಂಪನಿ ತ್ರೀಡಿಓಗ ಆವಾಗ ರೊಕ್ಕದ ತ್ರಾಸ ಇತ್ತು, ಆಟ ಲಗೂನ ಹೊರಗ ಬಿಟ್ಟರು. ಬ್ಯಾರೆ ಬ್ಯಾರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮ್ಯಾಲೆ ಕೂಡಿ ಆಡೋ ಸೌಲಭ್ಯ ಮೊದಲ ಡಬ್ಬಿಯೊಳಗ ಇರಲಿಲ್ಲ, ಆಮ್ಯಾಲೆ ಬಂತು. ಕಂಪ್ಯೂಟರಿನ ಕಡೆಯ ವೈರಿ ಮಂಕಾಗಿ ಕೂಡ್ತಿದ್ದ. 2003ರಾಗ ತ್ರೀಡಿಓ ದಿವಾಳಿ ಆತು, ಆಟದ ಹಕ್ಕು ಯೂಬಿಸಾಫ್ಟ್ ಕೈಗೆ ಹೋತು.

ಈಗ ನನ್ನ ತಕರಾರಿನ ಪಟ್ಟಿ ಮೂರನೇ ಸಲ ನೋಡ್ರಿ. ನೆಟ್‌ವರ್ಕಿನ ಮಾತು ಅದರಾಗ ಅದ ಏನು? ಮಂಕು ವೈರಿ ಮಾತು? ಇಲ್ಲ. ನಾ ನಾಯಕನ ಜಾಗಾದ ಬಗ್ಗೆ ಚೀರಲಿಕ್ಕತ್ತಿದ್ದೆ. ನನ್ನ ಜಗಳ ಇರೋದು ಇಲ್ಲೇ. ರೂಢಿ ತಪ್ಪಿದ ಸಿಟ್ಟಿನ ಗದ್ದಲದಾಗ ಖರೇ ತಪ್ಪು ಮುಚ್ಚಿ ಹೋಗ್ತದ. ಮಾರಿದವರಿಗೆ ಇದಕ್ಕಿಂತ ಅನುಕೂಲ ಏನು ಬೇಕು? “ಗಿರಾಕಿಗೆ ಹೊಸದು ಬ್ಯಾಡಂತ” ಅಂತ ಕೈ ಝಾಡಿಸ್ತಾರ. 2006ರಾಗ ಐದನೇ ಭಾಗ ಬಂತು. ಚಿತ್ರ ಎಲ್ಲಾ ಹೊಸಾ ನಮೂನಿ, ಆದ್ರ ನಾಯಕ ಮತ್ತ ಕಣದ ಬಾಜೂಕ, ದಂಡು ಮತ್ತ ವಾರಕ್ಕೊಮ್ಮೆ. ಛಲೋ ಆಟನೇ ಅದು, ಇಲ್ಲ ಅನ್ನಂಗಿಲ್ಲ. ಆದ್ರ ನಾಲ್ಕನೇದರಾಗ ಬಿತ್ತಿದ್ದು ಪೂರಾ ಬೆಳೀಲೇ ಇಲ್ಲ. ಅದರಾಗ ನಮ್ಮಂಥವರ ಒಂದು ತಾಸಿನ ತೀರ್ಪಿನ ಪಾಲೂ ಇರಬೇಕು ಅಂತ ನನಗ ಅನಸ್ತದ.

ಅದಕ್ಕ ನಾ ಒಂದು ನಿಯಮ ಮಾಡೀನಿ. ಮೊದಲ ಸಂಜಿಗೆ ಏನು ಮುರದದ, ಏನು ಡಬ್ಬಿಯೊಳಗ ಇಲ್ಲ, ಅದನ್ನ ಹೇಳು. ಜೋರಾಗೇ ಹೇಳು. ಏನು ಬದಲಾಗ್ಯದ ಅನ್ನೋದನ್ನ ಬರದಿಡು, ಆದ್ರ ತೀರ್ಪು ಕೊಡಬ್ಯಾಡ. ಒಂದು ವಾರ ಆದಮ್ಯಾಲೆ ಆ ಚೀಟಿ ತಗದು ಓದು. ಆವಾಗ್ಲೂ ಸಿಟ್ಟು ಬಂದ್ರ ಅದು ಆಟದ ತಪ್ಪು.

ಇಷ್ಟೆಲ್ಲಾ ಉಪದೇಶ ಹೇಳೋ ನಾನು ತಮ್ಮನ ಮುಂದ ಏನು ಮಾಡಿದೆ? ಅವ ಡಬ್ಬಿ ವಾಪಸ್ ಒಯ್ಯಲಿಲ್ಲ. ನಾ ಮಲಗಿದ ಮ್ಯಾಲೆ, ಧ್ವನಿ ಬಂದು ಮಾಡಿ, ಒಬ್ಬನೇ ಒಂದು ತಿಂಗಳು ಆಡಿದನಂತ. ಮುಂದ ಪುಣೆಗೆ ವರ್ಗ ಆತು, ಹೋದ. ಮತ್ತ ನಾವು ಕೂಡಿ ಆಡಲಿಲ್ಲ. ಆ ತಿಂಗಳ ಸುದ್ದಿ ನನಗ ಹೇಳಿದ್ದು ಅವ್ವ, ಎಷ್ಟೋ ವರ್ಷದ ಮ್ಯಾಲೆ, ಬದನಿಕಾಯಿ ಹೆಚ್ಚಗೋತ. “ನೀ ಬೈದಿದ್ದಿ ಅಂತ ನಿನ್ನ ಕರೀಲಿಲ್ಲ ಅಂವ” ಅಂದ್ಲು.

ಇರಲಿ. ಹುಡುಗಗ ಚೀಟಿ ಪೆನ್ನು ಕೊಟ್ಟೆ. ಮುಖ ಸಣ್ಣದು ಮಾಡಿ ಬರದ. ಎಂಟನೇ ದಿನ ಓದಿ ತೋರಿಸಿದ: ಏಳು ತಕರಾರಿನಾಗ ನಾಲ್ಕು ಹೊಡದು ಹಾಕಿದ್ದ, ಮೂರು ಉಳಿದಿದ್ದವು. ಆ ಮೂರರಾಗ ಎರಡಕ್ಕ ನನ್ನ ಹತ್ರ ಉತ್ತರ ಇರಲಿಲ್ಲ, ಅವಂದೇ ಖರೇ ಇತ್ತು.

ನಾನೂ ಅಟ್ಟದ ಮ್ಯಾಲಿಂದ ನಾಲ್ಕನೇ ಭಾಗದ ಡಬ್ಬಿ ಇಳಿಸೀನಿ. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕೋ ಬಾಯಿನೇ ಇಲ್ಲ. ಹೊರಗಿನದೊಂದು ತಗೊಂಡು ಬಾ ಅಂತ ತಮ್ಮಗ ಫೋನ್ ಮಾಡೀನಿ, ಸಂಕ್ರಾಂತಿಗೆ ಬರ್ತಾನ. ಮೊದಲ ಪಾಳಿ ಅವಂದು. ನಾ ಅಡಿಗಿಮನ್ಯಾಗ ಇರ್ತೀನಿ.